ಕಬ್ಬಿಣ ಹೋಗುವುದೆಲ್ಲಿಗೆ?

ಊರಿನ ದೊಡ್ಡ ಕಟ್ಟಡಗಳ ಕಾವಲುಗಾರರೆಲ್ಲ ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಹದಿಮೂರು ವರ್ಷದಿಂದ ಲಿಫ್ಟು ರಿಪೇರಿ ಮಾಡುತ್ತಿದ್ದ ಅವಳಿಗೂ ಆ ಹೆಸರು ಒಗ್ಗಿಹೋಗಿತ್ತು. ಫೋನೆತ್ತಿದರೆ "ಲಿಫ್ಟಕ್ಕ ಮಾತಾಡ್ತಿರೋದು, ಹೇಳಿ" ಎನ್ನುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ಮಾತ್ರ ಇನ್ನೊಂದು ಹೆಸರಿಟ್ಟಿದ್ದರು: ಪ್ರಶ್ನೆಪತ್ರಿಕೆ. ಬಾಗಿಲು ತೆರೆಯದಿದ್ದರೆ ಬಾಗಿಲು ಸರಿಮಾಡಿ ಬರುವುದು ಉಳಿದವರ ರೀತಿ. ಅವಳಿಗೆ ಅಷ್ಟು ಸಾಲದು. ಎಂಟು ಮಹಡಿಯಲ್ಲಿ ಈ ಆರನೆಯದರ ಬಾಗಿಲೇ ಯಾಕೆ? ಬೆಳಗ್ಗೆ ಸರಿಯಿದ್ದದ್ದು ಮಧ್ಯಾಹ್ನವೇ ಯಾಕೆ ಕೆಡಬೇಕು? ಉತ್ತರ ಸಿಗುವವರೆಗೆ ಅವಳು ಚೀಲ ಕಟ್ಟುತ್ತಿರಲಿಲ್ಲ. "ಇವಳ ಜೊತೆ ಬಂದ್ರೆ ಊಟ ತಪ್ಪೋದು ಗ್ಯಾರಂಟಿ" ಎಂದು ಮೇಸ್ತ್ರಿ ಗೊಣಗುತ್ತಿದ್ದರು. ಆದರೆ ಯಾರ ಕೈಗೂ ಸಿಗದೆ ಬಂದು ಹೋಗಿ ಆಟವಾಡಿಸುವ ದೋಷವೇನಾದರೂ ಇದ್ದರೆ ಅವಳನ್ನೇ ಕಳಿಸುತ್ತಿದ್ದರು.

ಮೂವತ್ತನಾಲ್ಕರಲ್ಲಿ ಅಂಥದೊಂದು ದೋಷ ಅವಳ ಹೊಟ್ಟೆಗೇ ಬಂತು.

ಮೊದಲು ಅದನ್ನು ಅವಳು ಅಷ್ಟಾಗಿ ಗಮನಿಸಲಿಲ್ಲ. ಬೆಳಗ್ಗೆ ಸಡಿಲವಾಗಿದ್ದ ಪ್ಯಾಂಟು ಸಂಜೆಯ ಹೊತ್ತಿಗೆ ಗುಂಡಿ ಹಾಕಲಾಗದಷ್ಟು ಬಿಗಿಯಾಗುತ್ತಿತ್ತು. ವಾರಕ್ಕೆ ಮೂರು ದಿನವಾದರೂ ಹೊಟ್ಟೆ ಕೆಡುತ್ತಿತ್ತು. ಹೊಸ ಕಟ್ಟಡಕ್ಕೆ ಹೋದಾಗ ಅವಳು ಮೊದಲು ವಿಚಾರಿಸುತ್ತಿದ್ದದ್ದು ಲಿಫ್ಟನ್ನಲ್ಲ, ಶೌಚಾಲಯವನ್ನು. ಬಾಯಲ್ಲಿ ಒಂದು ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಮೇಲ್ಛಾವಣಿಯ ಯಂತ್ರದ ಕೋಣೆಗೆ ಹತ್ತುವ ಕಬ್ಬಿಣದ ಏಣಿಯಲ್ಲಿ ಎರಡು ಸಲ ನಿಂತು ಏದುಸಿರು ಬಿಡಬೇಕಾಗುತ್ತಿತ್ತು. ಒಂದು ದಿನ ಬೆರಳ ತುದಿಗಳು ಜುಮುಗುಟ್ಟಿ, ಹಿಡಿದಿದ್ದ ಸಣ್ಣ ತಿರುಪು ಜಾರಿ ಬಿದ್ದದ್ದೇ ಗೊತ್ತಾಗಲಿಲ್ಲ. ಒಂಬತ್ತು ಮಹಡಿ ಕೆಳಗೆ ಅದು ಟಣ್ ಎಂದಾಗ ಮೇಸ್ತ್ರಿ ಅವಳ ಮುಖ ನೋಡಿದರು.

"ಡಾಕ್ಟ್ರ ಹತ್ರ ಹೋಗಮ್ಮ. ಈ ಕೈ ನಂಬ್ಕೊಂಡು ನಾನು ಕೆಳಗೆ ಲಿಫ್ಟಿನ ಗುಂಡಿಗೆ ಇಳೀಬೇಕು."

ಡಾಕ್ಟರು ಅವಳೇ ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕೂರುತ್ತಿದ್ದರು. ಒಳ್ಳೆಯ ಮನುಷ್ಯ, ಸದಾ ಜನ. ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ತಟ್ಟಿ, "ಗ್ಯಾಸು. ಹೊರಗಡೆ ತಿನ್ನೋದು ಬಿಡಿ. ಹೊಟ್ಟೆ ಕೆಟ್ಟ ದಿನ ಬರೀ ಬ್ರೆಡ್ ತಿನ್ನಿ" ಎಂದರು. ಅವಳು ನಿಷ್ಠೆಯಿಂದ ಬ್ರೆಡ್ಡನ್ನೇ ತಿಂದಳು. ಎರಡನೆಯ ಸಲ ಹೋದಾಗ ಅದು ಟೆನ್ಷನ್ನು ಆಯಿತು. "ಗಂಡಸರ ಕೆಲಸ ಹಿಡ್ಕೊಂಡಿದೀರಿ. ಮೈ ಕೇಳಲ್ಲ, ಮನಸ್ಸೂ ಕೇಳಲ್ಲ. ಆಫೀಸಲ್ಲಿ ಕೂರೋ ಕೆಲಸ ಏನಾದ್ರೂ ನೋಡ್ಕೊಳ್ಳಿ." ಮೂರನೆಯ ಸಲ ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಎಂಟರಲ್ಲಿತ್ತು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು, ದಿನಕ್ಕೆ ಎರಡು.

ಅವಳು ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಮತ್ತೆ ಪರೀಕ್ಷೆ ಮಾಡಿಸಿದರೆ ಎಂಟೂಕಾಲು.

"ಮಾತ್ರೆ ಸರಿಯಾಗಿ ತಗೊಂಡಿಲ್ಲ ನೀವು" ಎಂದರು ಡಾಕ್ಟರು.

"ತಗೊಂಡಿದೀನಿ ಡಾಕ್ಟ್ರೇ. ಖಾಲಿ ಪಟ್ಟಿಗಳನ್ನೆಲ್ಲ ಹಾಗೇ ಇಟ್ಟಿದೀನಿ, ಬೇಕಾದ್ರೆ ತರ್ತೀನಿ. ನನಗೊಂದು ಅನುಮಾನ. ಇಷ್ಟೆಲ್ಲ ಕಬ್ಬಿಣ ಒಳಗೆ ಹೋಗಿದೆ, ರಕ್ತಕ್ಕೆ ಮಾತ್ರ ಬಂದಿಲ್ಲ. ಹಾಗಾದ್ರೆ ಅದು ಹೋಗೋದೆಲ್ಲಿಗೆ?"

ಡಾಕ್ಟರು ನಕ್ಕರು. ಅದು ಕೆಟ್ಟ ನಗುವೇನೂ ಅಲ್ಲ, ಮಕ್ಕಳು ನಕ್ಷತ್ರದ ಬಗ್ಗೆ ಕೇಳಿದಾಗ ದೊಡ್ಡವರು ನಗುವ ನಗು. "ಅದರ ಚಿಂತೆ ನಮಗೆ ಬಿಡಿ" ಎಂದು ಮಾತ್ರೆಯ ಕಂಪನಿ ಬದಲಿಸಿ ಬರೆದು, ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದರು.

ಆ ಪ್ರಶ್ನೆಯನ್ನು ಅವಳು ಮನೆಗೆ ಹೊತ್ತುಕೊಂಡು ಬಂದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವಳ ಅಮ್ಮ ಇವರ ಜೊತೆಯಲ್ಲೇ ಇದ್ದು, ಕಿಟಕಿಯ ಪಕ್ಕ ಕೂತು ಗುಂಡಿ ಹೊಲಿದುಕೊಡುತ್ತಿದ್ದಳು. ಗಂಡ ಮಾತು ಕಡಿಮೆ, ಅಳತೆ ಜಾಸ್ತಿ. ಒಂದು ವರ್ಷದಲ್ಲಿ ಹೆಂಡತಿಯ ಕೆಲಸದ ಅಂಗಿಯ ಭುಜವನ್ನು ಎರಡು ಸಲ ಒಳಗೆ ಹಿಡಿದಿದ್ದ. ಡಾಕ್ಟರು ಗ್ಯಾಸು ಎಂದ ದಿನದಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳ ಹೊಟ್ಟೆಯ ಸುತ್ತಳತೆ ತೆಗೆದು ತನ್ನ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತಿದ್ದ.

"ನಿನ್ನೆ ಮೂರಿಂಚು ವ್ಯತ್ಯಾಸ" ಎಂದ. "ಟೆನ್ಷನ್ನಿಗೆ ಸೊಂಟ ಮೂರಿಂಚು ಊದೋದನ್ನ ನಾನು ಕಂಡಿಲ್ಲ. ನನ್ನ ಗಿರಾಕಿಗಳಿಗೂ ಟೆನ್ಷನ್ ಇದೆ. ಮದುವೆ ಬಟ್ಟೆಗೆ ಬರೋರನ್ನ ನೋಡಬೇಕು ನೀನು."

"ಏನೋ ಒಂದು ಒಳಗಡೆ ತಪ್ಪಾಗ್ತಿದೆ ಕಣ್ರೀ. ಒಂದೊಂದೇ ತಂತಿ ಬಿಡಿಸಿ ನೋಡ್ಬೇಕು" ಎಂದಳು ಅವಳು.

ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯಲ್ಲಿ ಅವಳು ಮಾಡುತ್ತಿದ್ದದ್ದು ಅದನ್ನೇ. ಎರಡು ತಂತಿ ಒಟ್ಟಿಗೆ ಬಿಡಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ಕು ತಂದು, ಮೂರು ವಾರಕ್ಕೆ ಒಂದರಂತೆ ಆಹಾರ ಬಿಡುತ್ತ ಹೋದಳು. ಮೊದಲು ಹಾಲು: ಸ್ವಲ್ಪ ವಾಸಿ ಅನ್ನಿಸಿತು, ಆಮೇಲೆ ಮತ್ತೆ ಅದೇ ಕತೆ. ಕಾಫಿ: ಹೊಟ್ಟೆಗೆ ಏನೂ ಆಗಲಿಲ್ಲ, ಆದರೆ ಆ ಮೂರು ವಾರ ಗಂಡನೂ ಮೇಸ್ತ್ರಿಯೂ ಅವಳಿಂದ ದೂರವೇ ಇದ್ದರು. ಬೇಳೆಕಾಳು: ಅದೂ ಅಲ್ಲ. ನಾಲ್ಕನೆಯದು ಗೋಧಿ.

ಗೋಧಿ ಬಿಡುವುದೆಂದರೆ ಏನೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬ್ರೆಡ್ಡು, ಬಿಸ್ಕತ್ತು, ಕೇಕು ಬಿಟ್ಟರೆ ಮುಗಿಯಿತು ಅಂದುಕೊಂಡಿದ್ದಳು. ನೋಡಿದರೆ ಪ್ಯಾಕೆಟ್ಟಿನ ಸೂಪಿನಲ್ಲಿ ಗೋಧಿ, ಸಾಸಿನಲ್ಲಿ ಗೋಧಿ, ಚಾಕಲೇಟಿನೊಳಗೂ ಗೋಧಿ. ಅಂಗಡಿಯಲ್ಲಿ ನಿಂತು ಪ್ಯಾಕೆಟ್ಟಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಓದುವುದೇ ಅವಳಿಗೊಂದು ಹುಚ್ಚಾಯಿತು. ಇದು ಎಲ್ಲೆಲ್ಲಿ ಅಡಗಿದೆಯಪ್ಪಾ ಎಂದು ಬೆರಗಾಗುತ್ತಿದ್ದಳೇ ಹೊರತು ಬೇಸರಪಡುತ್ತಿರಲಿಲ್ಲ. ಹನ್ನೊಂದನೆಯ ದಿನ ಬಾಯಿಯಲ್ಲಿ ಒಂದೂ ಹುಣ್ಣಿರಲಿಲ್ಲ. ಮೂರನೆಯ ವಾರ ಗಂಡನ ಪುಸ್ತಕದಲ್ಲಿ ಬೆಳಗಿನ ಅಳತೆಯೂ ಸಂಜೆಯ ಅಳತೆಯೂ ಒಂದೇ ಆಗಿದ್ದವು. ಎರಡನೆಯ ತಿಂಗಳಲ್ಲಿ ಅವಳು ಏಣಿಯನ್ನು ಒಂದೇ ಉಸಿರಿಗೆ ಹತ್ತಿದಳು. ಮೇಲೆ ನಿಂತು "ಮೇಸ್ತ್ರಿಗಳೇ!" ಎಂದು ಕೂಗಿದ್ದಕ್ಕೆ, ಏನೋ ಅನಾಹುತವಾಯಿತೆಂದು ಅವರು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡರು.

ಇಷ್ಟಕ್ಕೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಅವಳಿಗೆ ಯಾಕೆ ಎಂಬುದು ಬೇಕಿತ್ತು. ಐದು ತಿಂಗಳಾದ ಮೇಲೆ ನೋಟ್‌ಬುಕ್ಕು ಹಿಡಿದು ಅದೇ ಡಾಕ್ಟರ ಹತ್ತಿರ ಹೋದಳು.

"ಗೋಧಿಯೇ!" ಎಂದು ಡಾಕ್ಟರು ಹುಬ್ಬೇರಿಸಿದರು. "ಈಗ ಇದೊಂದು ಫ್ಯಾಷನ್ ಆಗಿದೆ. ಫೋನಲ್ಲಿ ಓದೋದು, ಬಿಡೋದು. ಅಷ್ಟು ಜನ ತಿಂತಾರೆ, ನಿಮಗೊಬ್ಬರಿಗೇ ಆಗಲ್ವಾ?"

"ಅದೇ ನನ್ನ ಪ್ರಶ್ನೆನೂ" ಎಂದಳು. "ನನಗೊಬ್ಬಳಿಗೇ ಯಾಕೆ ಆಗಲ್ಲ?"

ನೋಟ್‌ಬುಕ್ಕನ್ನು ಅವರು ತೆರೆಯಲಿಲ್ಲ. ಅವಳು ಕುರ್ಚಿ ಬಿಟ್ಟೇಳಲೂ ಇಲ್ಲ. ಕೊನೆಗೆ "ನಿಮ್ಮ ಸಮಾಧಾನಕ್ಕೆ" ಎಂದು ಸೀಲಿಯಾಕ್ ಎಂಬ ಕಾಯಿಲೆಯ ರಕ್ತ ಪರೀಕ್ಷೆಗೆ ಚೀಟಿ ಬರೆದರು. ಗೋಧಿಯ ಒಂದು ಅಂಶವನ್ನು ಮೈ ಶತ್ರುವೆಂದು ತಿಳಿದು ಹೋರಾಡುವ ಕಾಯಿಲೆ ಅದು ಎಂದೂ, ಅವಳಿಗೆ ಅದು ಇರುವುದು ಸಾಧ್ಯವೇ ಇಲ್ಲವೆಂದೂ ಹೇಳಿದರು. ನಾಲ್ಕು ದಿನಕ್ಕೆ ವರದಿ ಬಂತು. ಎಲ್ಲ ಸರಿಯಾಗಿದೆ.

"ನೋಡಿದ್ರಾ?" ಎಂದರು ಡಾಕ್ಟರು. "ಇನ್ನಾದ್ರೂ ಮನಸ್ಸಿಗೆ ಹಚ್ಕೋಬೇಡಿ."

ಮನೆಗೆ ಬಂದು ಅವಳು ಚಪ್ಪಲಿಯನ್ನೂ ಬಿಡದೆ ಕುಳಿತಳು. ಗಂಡ ಹೊಲಿಗೆ ನಿಲ್ಲಿಸಿದ.

"ಬಿಟ್ರೆ ಚೆನ್ನಾಗಿರ್ತೀಯ ತಾನೆ? ಬಿಟ್ಬಿಡು. ಹೆಸರು ಕಟ್ಕೊಂಡು ಏನಾಗಬೇಕು?"

"ಹಾಗಲ್ಲರೀ. ನಾನು ಸುಳ್ಳು ಹೇಳ್ತಿದೀನಾ? ನನ್ನ ಮೈ ಸುಳ್ಳು ಹೇಳ್ತಿದೆಯಾ? ಇಲ್ಲ ಆ ಪರೀಕ್ಷೆ ಸುಳ್ಳಾ? ಮೂರರಲ್ಲಿ ಒಂದು ಇರ್ಲೇಬೇಕು."

ಕಿಟಕಿಯ ಪಕ್ಕದಿಂದ ಅಮ್ಮ ತಲೆಯೆತ್ತದೆ ಹೇಳಿದಳು: "ನಿನಗೂ ನನ್ನ ಹೊಟ್ಟೆನೇ ಬಂದಿದೆ ಕಣೆ. ಯಾರಿಗೂ ಹೇಳ್ಬಾರ್ದು. ಹೇಳಿದ್ರೆ ನಗ್ತಾರೆ."

ಅಮ್ಮ ಅಷ್ಟೇ ಹೇಳಿ ಮತ್ತೆ ದಾರ ಪೋಣಿಸಿದಳು. ಅಪ್ಪನ ಕಡೆಯವರು ಅಮ್ಮನಿಗೆ ನಾಜೂಕಮ್ಮ ಎಂದು ಹೆಸರಿಟ್ಟಿದ್ದು ಮಗಳಿಗೆ ಗೊತ್ತಿತ್ತು. ತಟ್ಟೆಯಲ್ಲಿ ಅರ್ಧ ಬಿಡುವವಳು, ಕೆಲಸದ ನಡುವೆ ಮಲಗಿಬಿಡುವವಳು, ಗಾಳಿಗೆ ಹಾರಿಹೋಗುವಂತೆ ಇರುವವಳು. ಚಿಕ್ಕವಳಿದ್ದಾಗ ಮಗಳೂ ಆ ಹೆಸರು ಕೇಳಿ ನಕ್ಕಿದ್ದಳು.

ಮರುದಿನ ಅವಳು ರಕ್ತ ಕೊಟ್ಟಿದ್ದ ಲ್ಯಾಬಿಗೆ ಹೋದಳು. ಜಗಳವಾಡಲು ಅಲ್ಲ, ಆ ಪರೀಕ್ಷೆ ಹೇಗೆ ಕೆಲಸ ಮಾಡುತ್ತದೆಂದು ಕೇಳಲು. ರಕ್ತ ತೆಗೆಯುವ ಹೆಂಗಸು ದಪ್ಪ ಕನ್ನಡಕದ, ನಡುವಯಸ್ಸಿನವಳು. ಇಪ್ಪತ್ತು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲವೇನೋ. ಸ್ಟೂಲು ಎಳೆದುಕೊಟ್ಟು ಕೂರಿಸಿಕೊಂಡಳು.

"ಗೋಧಿ ಒಳಗೆ ಹೋದಾಗ ಮೈ ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತೆ ನೋಡಿ, ಆಗ ರಕ್ತದಲ್ಲಿ ಒಂದು ಥರದ ಸೈನ್ಯ ಹುಟ್ಟುತ್ತೆ. ನಾವು ಎಣಿಸೋದು ಆ ಸೈನ್ಯನ. ನಿಮ್ಮದರಲ್ಲಿ ಸೈನ್ಯ ಇರಲಿಲ್ಲ."

"ಸರಿ. ಶತ್ರುನೇ ಬರದಿದ್ರೆ?"

"ಅಂದ್ರೆ?"

"ನಾನು ಗೋಧಿ ಬಿಟ್ಟು ಐದು ತಿಂಗಳಾಯ್ತು."

ಲ್ಯಾಬಿನವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಐದು ತಿಂಗಳು! ಮತ್ತೆ ಈ ಪರೀಕ್ಷೆ ಯಾಕ್ರೀ ಬರೆದ್ರು? ಬಿಡೋಕೆ ಮೊದಲು ಮಾಡ್ಬೇಕು ಇದನ್ನ. ತಿಂತಿದೀರಾ ಅಂತ ಯಾರೂ ಕೇಳ್ಲಿಲ್ವಾ?"

"ಇಲ್ಲ."

"ನಾನೂ ಕೇಳ್ಲಿಲ್ಲ" ಎಂದಳು ಲ್ಯಾಬಿನವಳು. "ಕೇಳ್ಬೇಕಿತ್ತು."

ಅವಳೇ ಒಂದು ಕಾಗದದ ಮೇಲೆ ಕರುಳಿನ ಕಾಯಿಲೆಯ ತಜ್ಞೆಯೊಬ್ಬರ ವಿಳಾಸ ಬರೆದುಕೊಟ್ಟಳು. ಆ ತಜ್ಞೆ ಸಣ್ಣ ಆಕಾರದ, ಬೇಗ ಬೇಗ ಮಾತಾಡುವ ಹೆಂಗಸು. ನೋಟ್‌ಬುಕ್ಕನ್ನು ಕೇಳಿ ಪಡೆದು ಮೊದಲ ಹಾಳೆಯಿಂದ ಓದಿದರು. ಗಂಡ ಸಂಕೋಚದಿಂದ ತನ್ನ ಅಳತೆ ಪುಸ್ತಕವನ್ನೂ ಮುಂದಿಟ್ಟ. ಅದನ್ನೂ ಓದಿದರು. ಒಂದು ಕಡೆ ಬೆರಳಿಟ್ಟು "ಇದೇನು, ತೋಳು ಹದಿನೆಂಟೂವರೆ?" ಎಂದರು.

"ಅದು ಬೇರೆ ಗಿರಾಕಿದು ಮೇಡಂ. ಪುಟ ತಿರುಗ್ಸಿ."

ತಜ್ಞೆ ನಕ್ಕು ಪುಟ ತಿರುಗಿಸಿದರು. ಆಮೇಲೆ ನಗು ನಿಲ್ಲಿಸಿ, ಲಿಫ್ಟಕ್ಕನ ಮುಖವನ್ನೇ ನೋಡುತ್ತ ಹೇಳಿದರು: "ನನಗೂ ಅದೇ ಅನುಮಾನ. ಆದ್ರೆ ಅನುಮಾನ ಸಾಲಲ್ಲ. ಖಚಿತ ಆಗ್ಬೇಕು ಅಂದ್ರೆ ನೀವು ಮತ್ತೆ ಗೋಧಿ ತಿನ್ಬೇಕು. ದಿನಾ ಮೂರು ನಾಲ್ಕು ತುಂಡು ಬ್ರೆಡ್ಡು, ಆರರಿಂದ ಎಂಟು ವಾರ. ಆಮೇಲೆ ರಕ್ತ ನೋಡಿ, ಬಾಯಿಂದ ಕ್ಯಾಮೆರಾ ಇಳಿಸಿ ಕರುಳಿನ ಚೂರು ತೆಗೆದು ನೋಡ್ತೀನಿ. ಬಲವಂತ ಇಲ್ಲ. ಕಷ್ಟ ಆಗುತ್ತೆ. ತಡೆಯೋಕೆ ಆಗದಿದ್ರೆ ನಿಲ್ಲಿಸಿ, ನನಗೆ ಫೋನ್ ಮಾಡಿ."

"ಹೆಸರು ಗೊತ್ತಾದ್ರೆ ಉಪಯೋಗ ಏನು?" ಎಂದು ಗಂಡ ಕೇಳಿದ.

"ಒಂದು, ಜೀವನಪೂರ್ತಿ ಎಷ್ಟು ಕಟ್ಟುನಿಟ್ಟಾಗಿರ್ಬೇಕು ಅಂತ ಗೊತ್ತಾಗುತ್ತೆ. ಎರಡು, ಮೂಳೆ, ರಕ್ತ ಎಲ್ಲ ನೋಡ್ಬೇಕಾಗುತ್ತೆ. ಮೂರು, ಇದು ವಂಶದಲ್ಲಿ ಬರೋದು. ತಂದೆ ತಾಯಿ, ಅಕ್ಕ ತಂಗಿಯರಿಗೂ ಇರ್ಬಹುದು."

ಲಿಫ್ಟಕ್ಕನಿಗೆ ಕಿಟಕಿಯ ಪಕ್ಕದ ಅಮ್ಮನ ಗುಂಡಿಡಬ್ಬಿ ಕಣ್ಣ ಮುಂದೆ ಬಂತು. "ಯಾವತ್ತಿಂದ ಶುರು ಮಾಡ್ಲಿ?" ಎಂದಳು.

ಮೊದಲ ಬ್ರೆಡ್ಡನ್ನು ಅವಳು ನಿಂತುಕೊಂಡೇ ತಿಂದಳು. ರುಚಿಯಾಗಿತ್ತು, ಅದೇ ಸಂಕಟ. ನಾಲ್ಕನೆಯ ದಿನ ಹೊಟ್ಟೆ ಊದಿತು. ಎರಡನೆಯ ವಾರ ಬಾಯಿ ಹುಣ್ಣಾಯಿತು. ಮೂರನೆಯ ವಾರ ಕೆಲಸದಿಂದ ಬಂದವಳು ಅಂಗಡಿಯ ಬಟ್ಟೆಯ ರಾಶಿಯ ಮೇಲೆಯೇ ಒರಗಿದಳು. ಗಂಡ ಬ್ರೆಡ್ಡಿನ ಪ್ಯಾಕೆಟ್ಟು ಎತ್ತಿ ಕಪಾಟಿನೊಳಗೆ ಬೀಗ ಹಾಕಿದ.

"ಸಾಕು. ಬೇಕಂತಲೇ ಹಾಳಾಗೋದನ್ನ ನಾನು ನೋಡ್ತಾ ಕೂರಲ್ಲ."

"ಬೀಗ ತೆಗೀರಿ. ಅರ್ಧ ದಾರಿ ಬಂದಾಗಿದೆ. ಈಗ ಬಿಟ್ರೆ ತಿಂದಿದ್ದೆಲ್ಲ ದಂಡ. ಇನ್ನೊಂದು ಸಲ ಮೊದಲಿಂದ ತಿನ್ನೋ ಧೈರ್ಯ ನನಗಿಲ್ಲ."

ಅವನು ಬೀಗ ತೆಗೆದ. ಅಂದಿನಿಂದ ಬ್ರೆಡ್ಡನ್ನು ಅವನೇ ಸುಟ್ಟು ತಂದುಕೊಟ್ಟು, ಅವಳು ತಿಂದು ಮುಗಿಸುವವರೆಗೆ ಎದುರು ಕೂರುತ್ತಿದ್ದ. ಮೇಸ್ತ್ರಿ ಏನೂ ಕೇಳದೆ ಅವಳನ್ನು ಏಣಿಯ ಕೆಲಸದಿಂದ ತೆಗೆದು, ಕೆಳಗೆ ಬಾಗಿಲುಗಳ ತಪಾಸಣೆಗೆ ಹಾಕಿದರು. "ಪ್ರಶ್ನೆಪತ್ರಿಕೆಗೆ ಈಗ ಪರೀಕ್ಷೆ ನಡೀತಿದೆ" ಎಂದು ಉಳಿದವರಿಗೆ ಹೇಳಿದರಂತೆ.

ಏಳನೆಯ ವಾರ ರಕ್ತ ಕೊಟ್ಟಳು. ಅದೇ ಕನ್ನಡಕದ ಹೆಂಗಸು ಸೂಜಿ ಹಾಕುವ ಮೊದಲು ಕೇಳಿದಳು: "ಇವತ್ತು ತಿಂದ್ರಾ?"

"ನಾಲ್ಕು ತುಂಡು."

"ಭೇಷ್" ಎಂದಳು.

ಸೈನ್ಯ ಈ ಸಲ ಲೆಕ್ಕಕ್ಕೆ ಸಿಗದಷ್ಟಿತ್ತು. ಯಂತ್ರ ಎಣಿಸಬಲ್ಲ ಮಿತಿಯನ್ನೂ ದಾಟಿತ್ತು. ಕ್ಯಾಮೆರಾ ಇಳಿಸುವ ದಿನ ಅವಳು ಎಚ್ಚರವಾಗಿದ್ದು ಪರದೆ ನೋಡುತ್ತೇನೆಂದು ಹಟ ಮಾಡಿದಳು. ತಜ್ಞೆ ಒಪ್ಪದೆ ಮಂಪರು ಬರಿಸಿದರು, ಆದರೆ ಚಿತ್ರಗಳನ್ನು ತೋರಿಸುವುದಾಗಿ ಮಾತು ಕೊಟ್ಟರು. ಹತ್ತು ದಿನದ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಆರೋಗ್ಯವಂತರ ಕರುಳು. ಸೂಕ್ಷ್ಮದರ್ಶಕದಡಿಯಲ್ಲಿ ಅದರ ತುಂಬ ಸಾವಿರಾರು ಸಣ್ಣ ಬೆರಳುಗಳು ಒತ್ತೊತ್ತಾಗಿ ಎದ್ದು ನಿಂತಿದ್ದವು. ಇನ್ನೊಂದು ಅವಳದು. ಅದು ಬೋಳಾಗಿತ್ತು.

ದರ್ಜಿ ಬಗ್ಗಿ ನೋಡಿದ. "ಮಖಮಲ್ಲಿನ ನವಿರೆಲ್ಲ ಉದುರಿಹೋದ ಹಾಗಿದೆ" ಎಂದ.

"ಸರಿಯಾಗಿ ಹೇಳಿದ್ರಿ" ಎಂದರು ತಜ್ಞೆ. "ಊಟದ ಸತ್ವ ಹೀರ್ಕೊಳ್ಳೋದು ಆ ನವಿರೇ. ಅದೇ ಸವೆದುಹೋಗಿದೆ."

"ಹಾಗಾದ್ರೆ ಆ ಕಬ್ಬಿಣ?" ಎಂದಳು ಅವಳು.

"ಹಿಡ್ಕೊಳ್ಳೋಕೆ ಏನೂ ಇರಲಿಲ್ಲವಲ್ಲ. ಬಹುಪಾಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಟುಹೋಗಿದೆ. ಚಿಂತೆ ಮಾಡ್ಬೇಡಿ. ಗೋಧಿ ಪೂರ್ತಿ ಬಿಟ್ರೆ ನವಿರು ಮತ್ತೆ ಬೆಳೆಯುತ್ತೆ. ನಿಧಾನ, ಆದ್ರೆ ಬೆಳೆಯುತ್ತೆ."

ಅವಳು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅಳು ಬರಬಹುದೆಂದು ಗಂಡ ಕರವಸ್ತ್ರ ತೆಗೆದಿದ್ದ. ಅವಳಿಗೆ ಬಂದದ್ದು ಅಳುವಲ್ಲ. ಇದು ನನ್ನೊಳಗೇ ಇತ್ತಲ್ಲ, ಇಷ್ಟು ದಿನ ನನಗೇ ಕಾಣದೆ, ಎಂಬ ಬೆರಗು. ಅದರ ಒಂದು ಪ್ರತಿ ಕೊಡುತ್ತೀರಾ ಎಂದು ಕೇಳಿ ಪಡೆದುಕೊಂಡಳು.

ಆ ಪ್ರತಿಯನ್ನೂ ವರದಿಯನ್ನೂ ಅವಳು ಹಳೆಯ ಡಾಕ್ಟರಿಗೆ ತೋರಿಸಿದಳು. ಅಲ್ಲಿಗೆ ಹೋಗುವವರೆಗೂ ನಾಲ್ಕು ಮಾತು ಬಿಗಿಯಾಗಿ ಆಡಬೇಕೆಂದೇ ಇದ್ದಳು. ಡಾಕ್ಟರು ವರದಿಯನ್ನು ಎರಡು ಸಲ ಓದಿದರು. ಗಂಟೆ ಒತ್ತಲಿಲ್ಲ.

"ನಾನು ನಿಮಗೆ ಬ್ರೆಡ್ ತಿನ್ನಿ ಅಂದಿದ್ದೆ, ಅಲ್ವಾ?"

"ಹೌದು ಡಾಕ್ಟ್ರೇ."

"ಅಪರೂಪದ ಕಾಯಿಲೆ ಅಂತ ತಿಳ್ಕೊಂಡಿದ್ದೆ."

"ನೂರರಲ್ಲಿ ಒಬ್ಬರಿಗೆ ಇರುತ್ತಂತೆ. ಹೊರಗಡೆ ಬೆಂಚಿನ ಮೇಲೇ ಇವತ್ತು ಮೂವತ್ತು ಜನ ಕೂತಿದಾರೆ."

ಅವರು ಬಾಗಿಲ ಕಡೆ ನೋಡಿದರು. ಆಮೇಲೆ, "ಆ ನೋಟ್‌ಬುಕ್ಕು ಇದೆಯಾ? ಒಂದು ವಾರ ನನ್ನ ಹತ್ರ ಬಿಟ್ಟಿರ್ತೀರಾ?" ಎಂದು ಕೇಳಿದರು. ಬಿಗಿಯಾದ ನಾಲ್ಕು ಮಾತು ಅವಳ ಬಾಯಲ್ಲೇ ಉಳಿದವು. ಬಿಟ್ಟು ಬಂದಳು.

ಅಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಅರವತ್ತೇಳಕ್ಕೆ ನನಗೇನು ಪರೀಕ್ಷೆ? ಇಷ್ಟು ದಿನ ನಡೆದಿದೆ, ಇನ್ನೂ ನಡೆಯುತ್ತೆ" ಎಂದಳು. ಕೊನೆಗೆ ಅಳಿಯ, "ಅತ್ತೆ, ನನಗೋಸ್ಕರ. ಗುಂಡಿ ಹೊಲಿಯೋರು ಬೇರೆ ಯಾರಿದಾರೆ ನನಗೆ?" ಎಂದ ಮೇಲೆ ಸೀರೆ ಬದಲಿಸಿ ಹೊರಟಳು. ರಕ್ತದ ವರದಿ ಬಂದ ಮೇಲೆ ಕ್ಯಾಮೆರಾವೂ ಆಯಿತು. ಮಗಳಿಗಿದ್ದದ್ದೇ ಅಮ್ಮನಿಗೂ ಇತ್ತು.

ಮನೆಗೆ ಬಂದ ಮಧ್ಯಾಹ್ನ ಅಮ್ಮ ಒಂದು ಲೋಟ ನೀರು ಕುಡಿದು, ವರದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಅಂದ್ರೆ ನಾನು ನಾಟಕ ಆಡ್ತಿರ್ಲಿಲ್ಲ."

"ಇಲ್ಲಮ್ಮ."

"ನನಗೆ ಗೊತ್ತಿತ್ತು ಕಣೆ, ಆಡ್ತಿಲ್ಲ ಅಂತ. ಆದ್ರೆ ಎಲ್ಲರೂ ಹೇಳಿ ಹೇಳಿ ಒಂದೊಂದು ಸಲ ನನಗೇ ಅನುಮಾನ ಬರ್ತಿತ್ತು." ಕಾಗದವನ್ನು ಕೈಯಿಂದ ಸವರಿ ನೆಟ್ಟಗೆ ಮಾಡಿದಳು. "ನಿಮ್ಮಜ್ಜಿ ಇಲ್ಲ. ನಿಮ್ಮಪ್ಪ ಇಲ್ಲ. ನಾಜೂಕಮ್ಮ ಅಂತ ಹೆಸರಿಟ್ಟ ನಿಮ್ಮ ಸೋದರತ್ತೆನೂ ಹೋಗಿ ಎಂಟು ವರ್ಷ. ಈಗ ಇದನ್ನ ತಗೊಂಡು ಹೋಗಿ ಯಾರಿಗೆ ತೋರಿಸ್ಲಿ?"

"ನನಗೆ ತೋರಿಸಮ್ಮ. ನನಗೆ ಹೇಳು."

ಅಮ್ಮ ವರದಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಬೇರೆ ಯಾರದೋ ವಿಷಯ ಹೇಳುವವಳಂತೆ ಶುರುಮಾಡಿದಳು. "ನಿನಗಿಂತ ಮುಂಚೆ ಎರಡು ಹೋದವು. ಒಂದು ಮೂರು ತಿಂಗಳಿಗೆ, ಒಂದು ನಾಲ್ಕಕ್ಕೆ. ಅದಕ್ಕೂ ನನ್ನದೇ ತಪ್ಪು ಅಂದ್ರು. ಸರಿಯಾಗಿ ತಿನ್ನಲ್ಲ, ಅದಕ್ಕೇ ನಿಲ್ಲಲ್ಲ ಅಂದ್ರು."

ಮಗಳಿಗೆ ಇದು ಗೊತ್ತಿರಲಿಲ್ಲ. "ಮತ್ತೆ ನಾನು ಹೇಗೆ ನಿಂತೆ?"

"ಯಾರಿಗೆ ಗೊತ್ತು? ಆಗ ನಿಮ್ಮಪ್ಪನಿಗೆ ದ್ವೀಪದ ದೀಪಸ್ತಂಭಕ್ಕೆ ವರ್ಗವಾಗಿತ್ತು. ಒಂದೂವರೆ ವರ್ಷ ನಾವಿಬ್ಬರೇ. ಆ ಗಾಳಿಗೋ ಏನೋ, ನನ್ನ ಹೊಟ್ಟೆ ಅಲ್ಲಿ ಒಂದು ದಿನಾನೂ ಕೆಡಲಿಲ್ಲ."

"ಅಲ್ಲಿ ಏನು ತಿಂತಿದ್ರಿ?"

"ಏನು ಸಿಗುತ್ತೆ ಅಲ್ಲಿ? ತಿಂಗಳಿಗೊಂದು ದೋಣಿ. ಹಿಟ್ಟು ತರಿಸಿದ್ರೆ ತೇವಕ್ಕೆ ಹುಳ ಬೀಳ್ತಿತ್ತು, ತರಿಸೋದನ್ನೇ ಬಿಟ್ಟಿದ್ವಿ. ಅನ್ನ, ಮೀನು, ಆಲೂಗಡ್ಡೆ…" ಅಮ್ಮ ಅಲ್ಲಿಗೇ ನಿಂತಳು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

"ಗೋಧಿ ಇಲ್ಲದ್ದಕ್ಕೇ ನೀನು ನಿಂತೆ ಅಂತೀಯಾ?" ಎಂದಳು ಅಮ್ಮ, ಪಿಸುಗುಟ್ಟುವಂತೆ.

"ಖಚಿತವಾಗಿ ಹೇಳೋಕಾಗಲ್ಲಮ್ಮ. ಇರಬಹುದು. ಅಲ್ಲಿಗೆ ಯಾವ ತಿಂಗಳು ಹೋದ್ರಿ ಹೇಳು."

ಅಮ್ಮ ಬೆರಳು ಮಡಿಸುತ್ತ, ಮಗಳು ಹುಟ್ಟಿದ ತಿಂಗಳಿಂದ ಹಿಂದಕ್ಕೆ ತಿಂಗಳುಗಳನ್ನು ಎಣಿಸತೊಡಗಿದಳು. ಮಗಳು ಅವಳ ಪಕ್ಕಕ್ಕೆ ಸರಿದು ಕೂತಳು.